ಪುಕ್ಕಟೆ ಪೊಟ್ಟಣದ ಇತಿಹಾಸ

ಅಲಿಪುರದ ನಮ್ಮ ಸರಕಾರಿ ವಸತಿಗೃಹದಲ್ಲಿ ಊಟದ ಮೇಜಿಗೆ ಒಂದು ಖಾನೆಯಿದೆ. ಚಮಚಗಳಿಗೆಂದು ಮಾಡಿಸಿದ್ದು. ಕಳೆದ ಮಳೆಗಾಲದ ಒಂದು ರವಿವಾರ ಅದು ತೆರೆಯಲೊಲ್ಲದಾಯಿತು. ಎಳೆದರೆ ಅರ್ಧ ಅಂಗುಲ ಬಂದು ಒಳಗೆ ಏನೋ ಅಡ್ಡ ಸಿಕ್ಕಿಕೊಳ್ಳುತ್ತಿತ್ತು. ಕಡೆಗೆ ಮಗಳ ಅಡಿಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ಒತ್ತಿ, ಜಗ್ಗಿ ತೆಗೆದೆವು. ಚಮಚಗಳ ಮೇಲೆಲ್ಲ ಪೊಟ್ಟಣಗಳು. ಮನೆಗೆ ಪಿಝಾ ತರಿಸಿದಾಗಲೆಲ್ಲ ಡಬ್ಬಿಯ ಜೊತೆಗೆ ಬರುವ, ಬೆರಳುದ್ದದ, ಮಿರುಗುವ ಕಾಗದದ ಪೊಟ್ಟಣಗಳು.

ಗುಮಾಸ್ತರ ಅಭ್ಯಾಸ, ಎಣಿಸದೆ ಬಿಡಲಾರೆವು. ಒಣಮೆಣಸಿನ ತರಿ 74, ಓರೆಗಾನೋ ಎಂಬ ಸೊಪ್ಪಿನ ಪುಡಿ 58, ಟೊಮೆಟೊ ಸಾಸು 31. ಸಾಸಿನ ಪೊಟ್ಟಣಗಳಲ್ಲಿ ಎರಡು ಉಬ್ಬಿ ಚೆಂಡಿನಂತಾಗಿದ್ದವು. ನಮ್ಮ ಮನೆಯವರು ಮೊರ ತಂದು ಎಲ್ಲವನ್ನೂ ಅದಕ್ಕೆ ಸುರುವಿ, “ಅತ್ತೀ, ಇದನ್ನೆಲ್ಲಾ ಇನ್ನ ಏನ್ ಮಾಡೋದ್ರಿ? ಕಸಕ್ಕ ಹಾಕ್ಲಿ?” ಎಂದರು. ನಮ್ಮ ಅವ್ವ ಜಪಮಣಿ ಕೆಳಗಿಟ್ಟು, “ಸಾಸು ಬೇಕಾರ ಒಗಿಯವಾ. ಖಾರ ಒಗೀಬ್ಯಾಡ” ಎಂದಳು. ಮಗಳು ನಕ್ಕಳು: “ಅಜ್ಜೀ, ಅದು ಪುಕ್ಕಟೆ ಬಂದದ್ದು.” ಅವ್ವ ಹೇಳಿದಳು: “ನಿನಗ ಪುಕ್ಕಟೆ. ಬೆಳದಾಂವಗ?”

ಮೂವರಲ್ಲಿ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ನಾವು ಗಂಡಸರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆವು. ಪುಸ್ತಕಗಳ ಕಡೆಗೆ ಓಡಿದೆವು. ಬೆಲ್ವೆಡಿಯರ್ ಆವರಣದ ರಾಷ್ಟ್ರೀಯ ಗ್ರಂಥಾಲಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಲಾಟಸಾಹೇಬರುಗಳು ವಾಸವಾಗಿದ್ದ ಈ ಆವರಣದಲ್ಲಿ 1953ರಿಂದ ನಮ್ಮಂಥವರಿಗೂ ಪ್ರವೇಶವಿದೆ. ಕೆಲವು ಶನಿವಾರಗಳನ್ನು ಅಲ್ಲಿ ಕಳೆದು, ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರದಲ್ಲಿ ನೆನಪುಳಿದಷ್ಟನ್ನು ಕೂಡಿಸಿ, ಈ ಚಿಕ್ಕ ಪೊಟ್ಟಣದ ಚರಿತ್ರೆಯನ್ನು ಒಂದಿಷ್ಟು ಜೋಡಿಸಿದ್ದೇವೆ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇಂಥದೇ ಒಂದು ಖಾನೆ ಇದ್ದೇ ಇದೆ ಎಂಬ ಧೈರ್ಯದಿಂದ ವಾಚಕರ ಮುಂದಿಡುತ್ತಿದ್ದೇವೆ.

ಪೊಟ್ಟಣ

ಚೂರು ಸಾಮಾನನ್ನು ಸುತ್ತಿ ಕೊಡುವ ಕಲೆ ಹೊಸದಲ್ಲ. ನಮ್ಮ ಕಡೆ ಮುತ್ತುಗದ ಎಲೆಯಲ್ಲಿ ಬೆಣ್ಣೆ, ಬಾಳೆಯ ಎಲೆಯಲ್ಲಿ ಹೂವು, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸಕ್ಕರೆ. ಅಂಗಡಿಯ ಶೆಟ್ಟರು ಹಾಳೆಯನ್ನು ಸುರುಳಿ ಸುತ್ತಿ, ತುದಿ ಮಡಿಚಿ, ಮೇಲಿನಿಂದ ಇಳಿಬಿಟ್ಟ ದಾರ ಎಳೆದು ಕಟ್ಟಿದರೆ ಒಂದು ಪುಡಿಕೆ. ಇಲ್ಲಿ ಬಂಗಾಳದಲ್ಲಿ ಅದಕ್ಕೆ ಠೋಂಗಾ ಎನ್ನುತ್ತಾರೆ. ಝಾಲ್ ಮುಡಿ ತಿಂದವರೆಲ್ಲ ಠೋಂಗಾ ಬಲ್ಲವರೇ. ತಿಂದು ಮುಗಿದ ಮೇಲೆ ಅದರ ಮೇಲಿನ ಹಳೆಯ ಸುದ್ದಿಯನ್ನು ಓದುವ ಸುಖ ಬೇರೆ.

ಆದರೆ ಬಾಯಿ ಮುಚ್ಚಿದ, ಅಳತೆ ಗೊತ್ತುಪಡಿಸಿದ, ಎಲ್ಲಿ ಕೊಂಡರೂ ಒಂದೇ ಸಮನಾಗಿರುವ ಪೊಟ್ಟಣದ ಕಥೆ ಬೇರೆ. ಅದರ ದೊಡ್ಡ ಪ್ರಯೋಗವೊಂದು ನಡೆದದ್ದು ನಾವಿರುವ ಈ ಬಂಗಾಳದಲ್ಲೇ, ಅದೂ ಅಂಚೆ ಕಚೇರಿಗಳಲ್ಲಿ. ಮಲೇರಿಯಾ ಜ್ವರದಿಂದ ಹಳ್ಳಿಗಳು ಬರಿದಾಗುತ್ತಿದ್ದ ಕಾಲ. ಜ್ವರಕ್ಕೆ ಮದ್ದಾದ ಕ್ವಿನೈನನ್ನು ದಾರ್ಜಿಲಿಂಗ್ ಸೀಮೆಯ ಮಂಗ್ಪೂವಿನಲ್ಲಿ ಸಿಂಕೋನಾ ಮರದ ತೊಗಟೆಯಿಂದ ಸರಕಾರವೇ ತೆಗೆಯುತ್ತಿತ್ತು. ಮದ್ದು ಇತ್ತು, ಹಳ್ಳಿಗೆ ಮುಟ್ಟುತ್ತಿರಲಿಲ್ಲ, ಮುಟ್ಟಿದರೂ ಕಲಬೆರಕೆಯಾಗಿರುತ್ತಿತ್ತು. ಹೌರಾ ಬಳಿಯ ಶಿಬಪುರದ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಜಾರ್ಜ್ ಕಿಂಗ್ ಎಂಬವರ ಯೋಜನೆಯಂತೆ 1892ರಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣದಂತೆ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಮಾರಾಟ ಶುರುವಾಯಿತು. ಮುಂದೆ ಇತರ ಪ್ರಾಂತಗಳಿಗೂ ಈ ಕ್ರಮ ಹಬ್ಬಿತು.

ಆ ಪೊಟ್ಟಣದಲ್ಲಿ ಮೂರು ಗುಣಗಳಿದ್ದವೆಂದು ನಾವು ಗುರುತಿಸುತ್ತೇವೆ. ಒಂದು, ಅಳತೆ: ಒಂದು ಪೊಟ್ಟಣ, ಒಂದು ಸಲದ ಮದ್ದು. ಎರಡು, ನಂಬಿಕೆ: ಬಾಯಿ ಮುಚ್ಚಿದೆ, ಒಳಗೆ ಸುಣ್ಣದ ಹುಡಿ ಬೆರೆಸಿಲ್ಲ. ಮೂರು, ಅಗ್ಗ: ಬಾಟಲಿ ಕೊಳ್ಳಲಾರದವನೂ ಒಂದು ಪೈಸೆ ಕೊಟ್ಟಾನು. ಇಂದಿನ ಎಲ್ಲ ಪೊಟ್ಟಣಗಳೂ ಈ ಮೂರು ಕಾಲುಗಳ ಮೇಲೆಯೇ ನಿಂತಿವೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಎಂಬವರು ಬಡವನೂ ಕೊಳ್ಳುವಂತಿರಬೇಕೆಂದು ದಿನಬಳಕೆಯ ಸಾಮಾನನ್ನು ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ತುಂಬಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂವಿನ ಉದ್ಯಮ ಆರಂಭಿಸಿದರು. ಅಲ್ಲಿಂದೀಚೆಗೆ ಹಳ್ಳಿಯ ಅಂಗಡಿಯ ಮುಂದೆ ಪೊಟ್ಟಣಗಳ ತೋರಣ ಕಟ್ಟಿದ್ದು ಇಳಿದೇ ಇಲ್ಲ. ಅಮೆರಿಕದಲ್ಲಿ ಹೈಂಝ್ ಕಂಪನಿ 1968ರಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಸಾಸಿನ ಪೊಟ್ಟಣ ಹೊರತಂದಿತ್ತು. ನಮ್ಮ ಖಾನೆಯ 31ರ ಮೂಲಪುರುಷ ಅದೇ.

ಇವೆಲ್ಲದರ ನಡುವೆ ಕನ್ನಡಿಗರು ಮರೆಯಬಾರದ ಪೊಟ್ಟಣ ಇನ್ನೊಂದಿದೆ. 1930ರ ಏಪ್ರಿಲ್ 13ರಂದು ಉತ್ತರ ಕನ್ನಡದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಕಡಲ ನೀರಿನಿಂದ ಉಪ್ಪು ತೆಗೆದು ಕಾಯದೆ ಮುರಿದರು. ಆ ಉಪ್ಪನ್ನು ಪೊಟ್ಟಣ ಕಟ್ಟಿ ಹರಾಜು ಹಾಕಿದರು. ಚಿಟಿಕೆ ಉಪ್ಪಿಗೆ ಜನ ರೂಪಾಯಿಗಟ್ಟಲೆ ಕೊಟ್ಟು ಕೊಂಡರು. ಅಡಿಗೆಗೆ ಹಾಕಲಿಕ್ಕಲ್ಲ, ದೇವರ ಮುಂದೆ ಇಡಲಿಕ್ಕೆ. ಅದೇ ವರ್ಷ ಸುಭಾಷಚಂದ್ರ ಬೋಸರು ನಮ್ಮ ಈ ಅಲಿಪುರದ ಜೈಲಿನಲ್ಲಿ ಬಂದಿಯಾಗಿದ್ದರು. ಜೈಲು ಈಗ ವಸ್ತುಸಂಗ್ರಹಾಲಯವಾಗಿದೆ. 2022ರಿಂದ ಟಿಕೇಟು ಕೊಂಡು ಒಳಗೆ ಹೋಗಬಹುದು. ಊರಿನಿಂದ ಬಂದ ನಂಟರನ್ನು ನಾವು ಮೊದಲು ಕರೆದೊಯ್ಯುವುದು ಅಲ್ಲಿಗೇ. ಮೃಗಾಲಯ ಆಮೇಲೆ.

ಪೊಟ್ಟಣದೊಳಗಿನ ಕೆಂಪು

ಇನ್ನು ಒಳಗಿರುವ ಸಾಮಾನು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡಿಗೆಯ ಭಾಗವಿದೆ. 1508ರ ಸುಮಾರಿನ ಮುಮ್ಮಡಿ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿ ಅಡಿಗೆಯದೇ ಗ್ರಂಥ. ಇವೆರಡರಲ್ಲೂ ಖಾರಕ್ಕೆ ಬರುವುದು ಕಾಳುಮೆಣಸೇ ಹೊರತು ಕೆಂಪು ಮೆಣಸಿನಕಾಯಿಯಲ್ಲ. ಬರುವಂತಿರಲೂ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ತುಗೀಜರು 1510ರಲ್ಲಿ ಗೋವೆ ಹಿಡಿದ ತರುವಾಯ ಅವರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಇಳಿಯಿತು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಡಾ. ಕೆ. ಟಿ. ಅಚ್ಚಯ ಅವರು 1994ರಲ್ಲಿ ಪ್ರಕಟಿಸಿದ ಭಾರತೀಯ ಆಹಾರದ ಇತಿಹಾಸದಲ್ಲಿ, ಪುರಂದರದಾಸರದೆನ್ನಲಾದ ಒಂದು ಪದದಲ್ಲಿ ಮೆಣಸಿನಕಾಯಿಯ ಮಾತು ಬರುವುದನ್ನು ಎತ್ತಿ ತೋರಿಸಿದ್ದಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. ಅಂದರೆ ಬಂದ ಅತಿಥಿ ಕೆಲವೇ ದಶಕಗಳಲ್ಲಿ ಅಡಿಗೆಮನೆ ಹೊಕ್ಕು ಹಾಡಿನವರೆಗೂ ಬಂದಿತ್ತು ಎಂದಾಯಿತು.

ಭಾಷೆ ಈ ಗುಟ್ಟನ್ನು ಬಚ್ಚಿಟ್ಟಿಲ್ಲ. ಮೆಣಸು ನಮಗೆ ಮೊದಲೇ ಗೊತ್ತಿತ್ತು. ಹೊಸದಕ್ಕೆ ‘ಮೆಣಸಿನ ಕಾಯಿ’ ಎಂದು ಹೆಸರಿಟ್ಟೆವು. ಹೊಸದು ಮನೆಯೊಡತಿಯಾದ ಮೇಲೆ ಹಳೆಯದಕ್ಕೇ ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬಾಲ ಹಚ್ಚಬೇಕಾಯಿತು. ಬಂಗಾಳಿಗಳಲ್ಲಿ ಕಾಳುಮೆಣಸು ಗೋಲ್ ಮೊರಿಚ್, ಮೆಣಸಿನಕಾಯಿ ಲೊಂಕಾ. ಕಡಲಾಚೆಯಿಂದ ಬಂದದ್ದಕ್ಕೆಲ್ಲ ಲಂಕೆಯ ಹೆಸರು ಅಂಟಿದಂತಿದೆ. ನಾವು ಹೊಸದಾಗಿ ಇಲ್ಲಿಗೆ ಬಂದಾಗ ಬಝಾರಿನಲ್ಲಿ “ಶುಕ್ನೋ ಲೊಂಕಾ” ಎಂದು ಕೇಳಲು ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬೆರಳು ತೋರಿಸಿಯೇ ವ್ಯಾಪಾರ.

ಖಾರವೆಂಬುದು ನಾಲಿಗೆಯ ರುಚಿಯಲ್ಲ, ನೋವು. ಆ ನೋವಿಗೆ ಕಾರಣವಾದ ವಸ್ತುವಿಗೆ ಕ್ಯಾಪ್ಸೈಸಿನ್ ಎಂಬ ಹೆಸರು ಬಿದ್ದದ್ದು 1876ರಲ್ಲಿ. ಅಲಿಪುರದ ಮೃಗಾಲಯ ತೆರೆದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲವೆಂದು ಹೇಳುವಿರಾದರೆ, ಮೃಗಾಲಯದ ಗಿಳಿಗಳನ್ನು ನೆನೆಯಿರಿ. ಹಕ್ಕಿಗಳ ನರಗಳಿಗೆ ಈ ವಸ್ತು ತಾಗುವುದಿಲ್ಲ. ಹಣ್ಣು ಮೆಣಸಿನಕಾಯಿಯನ್ನು ಗಿಳಿ ನೆಮ್ಮದಿಯಿಂದ ತಿಂದು ಬೀಜವನ್ನು ದೂರ ಹಾಕುತ್ತದೆ; ಬೀಜ ಅಗಿದು ನುರಿಸುವ ಇಲಿ, ಅಳಿಲುಗಳು ಬಾಯಿ ಸುಟ್ಟುಕೊಂಡು ಓಡುತ್ತವೆ. ಗಿಡದ ಲೆಕ್ಕಾಚಾರ ಅದು. ನಮ್ಮ ನರಗಳಲ್ಲಿ ಕ್ಯಾಪ್ಸೈಸಿನ್ ತಟ್ಟುವ ಬಾಗಿಲು ಯಾವುದೆಂದು ಕಂಡುಹಿಡಿದುದಕ್ಕಾಗಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಗೆ 2021ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಬಿಸಿಯನ್ನು ಅರಿಯುವ ಬಾಗಿಲೂ ಅದೇ. ಖಾರ ತಿಂದಾಗ ‘ಬಾಯಿ ಉರಿಯುತ್ತದೆ’ ಎಂದು ನಮ್ಮ ಹಿರಿಯರು ಹೇಳಿದ್ದು ಬರಿಯ ಮಾತಲ್ಲ.

ಪೊಟ್ಟಣದೊಳಗಿನ ಹಸಿರು

ಓರೆಗಾನೋ ಎಂಬುದು ಮೆಡಿಟರೇನಿಯನ್ ಕಡಲಿನ ಸುತ್ತಿನ ಸೊಪ್ಪು. ತುಳಸಿ, ಪುದೀನ ಇವುಗಳ ಕುಲಕ್ಕೇ ಸೇರಿದ್ದು. ನಮ್ಮ ಹಿಮಾಲಯದ ತಪ್ಪಲಿನಲ್ಲೂ ತಾನೇ ಬೆಳೆಯುತ್ತದೆ. ಹೊರದೇಶದಿಂದ ಬಂದದ್ದೆಂದು ನಾವು ತಿಳಿದ ಸೊಪ್ಪು ಕಾಶ್ಮೀರದವರಿಗೆ ಬೆಟ್ಟದ ಕಳೆ.

ಅದರ ಪೊಟ್ಟಣವನ್ನು ಮೊದಲ ಸಲ ಹರಿದಾಗ ಅವ್ವ ಮೂಸಿ ನೋಡಿ, “ಇದು ಅಜವಾನ ಅಲ್ಲೇನು?” ಎಂದಿದ್ದಳು. ನಾವು ನಕ್ಕಿದ್ದೆವು. ನಗಬಾರದಿತ್ತು. ಅಜವಾನದ ಘಾಟಿಗೆ ಕಾರಣ ಥೈಮಾಲ್ ಎಂಬ ವಸ್ತು. ಓರೆಗಾನೋದ ವಾಸನೆಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್. ಇವೆರಡೂ ಒಂದೇ ಅಣುಸೂತ್ರದ ಅವಳಿ ಸೋದರರು. ಒಂದು ಕೊಂಬೆ ಮಾತ್ರ ಬೇರೆ ಜಾಗದಲ್ಲಿ ಅಂಟಿಕೊಂಡಿರುತ್ತದೆ. ನಮ್ಮ ಹಿತ್ತಿಲ ದೊಡ್ಡಪತ್ರೆಯ ವಾಸನೆಯೂ ಇವುಗಳಿಂದಲೇ. ಅದಕ್ಕೇ ಇರಬೇಕು, ಹೊರದೇಶಗಳಲ್ಲಿ ದೊಡ್ಡಪತ್ರೆಯನ್ನು ಕ್ಯೂಬಾದ ಓರೆಗಾನೋ ಎಂದೇ ಕರೆಯುತ್ತಾರೆ. ಕಾಲೇಜಿನಲ್ಲಿ ಮೂರು ವರ್ಷ ಓದಿ ನಾವು ತಿಳಿಯದ್ದನ್ನು, ಶಾಲೆಗೆ ನಾಲ್ಕು ವರ್ಷ ಹೋದ ಅವ್ವನ ಮೂಗು ಒಂದು ಉಸಿರಿನಲ್ಲಿ ಹೇಳಿತ್ತು. ಈಗ ನಮ್ಮ ಬಾಲ್ಕನಿಯಲ್ಲಿ ಡಬ್ಬಿಯಲ್ಲಿ ನೆಟ್ಟ ದೊಡ್ಡಪತ್ರೆ ಇದೆ. ಮಗಳು ಪಿಝಾದ ಮೇಲೆ ಅದರ ಎರಡು ಎಲೆ ಹೆಚ್ಚಿ ಉದುರಿಸಿಕೊಳ್ಳುತ್ತಾಳೆ. ವ್ಯತ್ಯಾಸ ತಿಳಿಯುವುದಿಲ್ಲವೆಂದು ಅವಳೇ ಒಪ್ಪಿದ್ದಾಳೆ.

ಪಿಝಾ ಎಂಬ ರೊಟ್ಟಿ ಇಟಲಿಯ ನೇಪಲ್ಸ್ ಊರಿನ ಬಡವರ ತಿಂಡಿ. ಅದರ ಮೇಲಿನ ಟೊಮೆಟೊ ಕೂಡ ನಮ್ಮ ಮೆಣಸಿನಕಾಯಿಯಂತೆ ಅಮೆರಿಕ ಖಂಡದಿಂದ ಹಡಗೇರಿ ಹೋದದ್ದೇ. ಇಂಡಿಯಾದಲ್ಲಿ ಪಿಝಾವನ್ನು ಮನೆಮಾತಾಗಿಸಿದ ಎರಡು ದೊಡ್ಡ ಕಂಪನಿಗಳೂ 1996ರಲ್ಲೇ ಬಂದವು. ಡಾಮಿನೋಸ್ ದಿಲ್ಲಿಯಲ್ಲಿ, ಪಿಝಾ ಹಟ್ ನಮ್ಮ ಬೆಂಗಳೂರಿನಲ್ಲಿ ಮೊದಲ ಅಂಗಡಿ ತೆರೆದವು. ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಗಳೂರಿಗೆ ಕೆಂಟಕಿ ಕೋಳಿಯ ಅಂಗಡಿ ಬಂದು, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ವಿರೋಧಿಸಿ ದೇಶವೆಲ್ಲ ಸುದ್ದಿಯಾಗಿತ್ತು. ಆಗ ನಾವು ಹಾವೇರಿ ಕಡೆಯ ಶಾಲೆಯ ಹುಡುಗರು. ಈ ತಿಂಡಿಗಳಿಂದ ನಮ್ಮ ಬೆಳೆಗಾರನಿಗೆ ಏನು ಬಂತು ಎಂದು ಪ್ರೊಫೆಸರರು ಕೇಳಿದ ಪ್ರಶ್ನೆ ಆಗ ನಮಗೆ ಅರ್ಥವಾಗಿರಲಿಲ್ಲ. ಮೂವತ್ತು ವರ್ಷಗಳ ಮೇಲೆ ಅದನ್ನೇ ಅವ್ವ ಊಟದ ಮೇಜಿನ ಬಳಿ ಕೇಳಿದಳು.

ಜನ ಏನು ಮಾಡುತ್ತಾರೆ?

ಈ ಪ್ರಶ್ನೆಯನ್ನು ಕಳೆದ ಕೆಲವು ತಿಂಗಳಲ್ಲಿ ಪರಿಚಿತ ಕನ್ನಡ ಕುಟುಂಬಗಳಲ್ಲಿ ಕೇಳುತ್ತ ಬಂದೆವು. ಕೇಳಿದೊಡನೆ ಎಲ್ಲರೂ ಮೊದಲು ನಗುತ್ತಾರೆ. ಆಮೇಲೆ ಎದ್ದು ಹೋಗಿ ತಮ್ಮ ಡಬ್ಬಿ ತಂದು ತೋರಿಸುತ್ತಾರೆ. ಎಸೆಯುವವರು ಕಡಿಮೆ. ಮೈಸೂರು ಕಡೆಯ ಒಬ್ಬ ತಾಯಿ ಅಕ್ಕಿರೊಟ್ಟಿಯ ಹಿಟ್ಟಿಗೆ ಎರಡೆರಡು ಪೊಟ್ಟಣ ಖಾರದ ತರಿ ಬೆರೆಸುತ್ತಾರೆ. ಮಂಗಳೂರು ಕಡೆಯವರೊಬ್ಬರು ಮೊಟ್ಟೆಯ ಮೇಲೆ ಓರೆಗಾನೋ. ಹಾಸ್ಟೆಲಿನಲ್ಲಿರುವ ಮಕ್ಕಳು ಅಲ್ಲಿಯ ಸಪ್ಪೆ ದಾಲಿಗೆ ಹಾಕಿಕೊಳ್ಳಲೆಂದು ರಜೆ ಮುಗಿಸಿ ಹೊರಡುವಾಗ ಹಿಡಿ ತುಂಬ ಒಯ್ಯುತ್ತಾರೆ. ನಮ್ಮ ಕಚೇರಿಯ ಮಿತ್ರರೊಬ್ಬರ ಮೇಜಿನಲ್ಲಿ ಗುಂಡುಸೂಜಿಯ ಡಬ್ಬಿಯ ಪಕ್ಕದಲ್ಲೇ ಮೆಣಸಿನ ತರಿ ಇರುತ್ತದೆ, ಕ್ಯಾಂಟೀನಿನ ಘುಗನಿಗೆ. ಕೆಲವರು ರೈಲಿಗೆ ಒಯ್ಯುತ್ತಾರೆ. ಒಬ್ಬರಂತೂ ಸಾಸಿನ ಪೊಟ್ಟಣದಿಂದ ದೇವರ ಹಿತ್ತಾಳೆ ಪಾತ್ರೆ ಉಜ್ಜುತ್ತಾರೆ. ಟೊಮೆಟೊ ಮತ್ತು ವಿನಿಗರಿನ ಹುಳಿ ಹಿತ್ತಾಳೆಯ ಕಿಲುಬನ್ನು ತೆಗೆಯುತ್ತದೆ. ನಾವೂ ಮಾಡಿ ನೋಡಿದೆವು, ಹುಣಸೆಹಣ್ಣಿಗೆ ಸಮನಲ್ಲದಿದ್ದರೂ ಕೆಲಸ ಆಗುತ್ತದೆ.

ಉಳಿಸುವವರಿಗೆ ಒಂದು ಸೂಚನೆ. ಪೊಟ್ಟಣದ ಗೋಡೆಯಲ್ಲಿ ಪ್ಲಾಸ್ಟಿಕ್, ಎಷ್ಟೋ ಸಲ ಲೋಹದ ತೆಳುಪದರವೂ ಸೇರಿ ಹಲವು ಪದರಗಳಿರುತ್ತವೆ. ಕಲ್ಕತ್ತೆಯ ತೇವವನ್ನೂ ಬೆಳಕನ್ನೂ ಅವು ತಡೆಯುತ್ತವೆ. ಆದರೆ ಎಂದೆಂದಿಗೂ ಅಲ್ಲ. ಕೆಂಪು ಕಂದಾದರೆ ಬಣ್ಣ ಆಮ್ಲಜನಕಕ್ಕೆ ಸಿಕ್ಕಿ ಮುಗಿದಿದೆ ಎಂದರ್ಥ. ಹಸಿರಿಗೆ ಹುಲ್ಲಿನ ವಾಸನೆ ಬಂದರೆ ತೈಲ ಹಾರಿಹೋಗಿದೆ. ಉಬ್ಬಿದ ಸಾಸನ್ನು ಮಾತ್ರ ಯಾವ ಕಾರಣಕ್ಕೂ ಬಾಯಿಗಿಡಬಾರದು. ಅದರೊಳಗೆ ಬೇರೆ ಯಾರೋ ಸಂಸಾರ ಹೂಡಿರುತ್ತಾರೆ.

ಅಂಫನ್ ಹಗಲು

ನಮ್ಮ ಮನೆಯಲ್ಲಿ ಈ ಖಾನೆಗೆ ಒಂದು ಮರ್ಯಾದೆ ಬಂದದ್ದು 2020ರಲ್ಲಿ. ಪ್ರತಿವರ್ಷ ಸುಗ್ಗಿ ಮುಗಿದು ಚೈತ್ರದ ಬಿಸಿಲಿಗೆ ಊರಿನಲ್ಲಿ ಮೆಣಸಿನಕಾಯಿ ಒಣಗಿಸಿ, ಹುರಿದು, ಮಸಾಲೆ ಕೂಡಿಸಿ ಕುಟ್ಟಿಸಿದ ಖಾರ ನಮಗೆ ಬರುವುದು ರೂಢಿ. ಹುಬ್ಬಳ್ಳಿಯ ಮೇಲೆ ಹಾದು ಬರುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಯಾರಾದರೂ ಪರಿಚಿತರು ತರುತ್ತಿದ್ದರು. ಆ ವರ್ಷ ಮಾರ್ಚಿ ಕೊನೆಗೆ ರೈಲುಗಳೇ ನಿಂತವು. ಮೇ ತಿಂಗಳ ಹೊತ್ತಿಗೆ ಖಾರದ ಭರಣಿಯ ತಳ ಕಂಡಿತು. ಮೇ 20ರಂದು ಅಂಫನ್ ಚಂಡಮಾರುತ ಬಂತು.

ಆ ರಾತ್ರಿ ಕಲ್ಕತ್ತೆಯಲ್ಲಿ ಬಿದ್ದ ಮರಗಳು ಸಾವಿರಾರು. ಬೆಳಗ್ಗೆ ನೋಡಿದರೆ ನಮ್ಮ ಬೀದಿಯಲ್ಲಿ ಎರಡು ದೊಡ್ಡ ಮರಗಳು ಅಡ್ಡ ಮಲಗಿದ್ದವು. ಮೂರು ದಿನ ವಿದ್ಯುತ್ತಿಲ್ಲ. ಮಿಕ್ಸಿ ಇಲ್ಲ, ಫ್ರಿಜ್ಜಿನಲ್ಲಿದ್ದುದೆಲ್ಲ ಹಾಳು, ಅಂಗಡಿಗಳು ಮುಚ್ಚಿದ್ದವು. ಮನೆಯಲ್ಲಿ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು, ಉಪ್ಪು ಇದ್ದವು. ಎದುರು ಮನೆಯ ವೃದ್ಧ ಬಂಗಾಳಿ ದಂಪತಿಗಳ ಕಿಟಕಿ ಒಡೆದು ಅಡಿಗೆಮನೆಯೆಲ್ಲ ನೀರು. ಅವರನ್ನು ನಮ್ಮಲ್ಲಿಗೇ ಕರೆತಂದೆವು.

ಅವ್ವ ಖಾನೆ ತೆಗೆದಳು. ಕುಳಿತು ಒಂದೊಂದಾಗಿ ಕತ್ತರಿಯಿಂದ ಪೊಟ್ಟಣಗಳ ಮೂತಿ ಕತ್ತರಿಸಿದಳು. ಒಂದು ಪೊಟ್ಟಣದಲ್ಲಿ ಒಂದು ಗ್ರಾಮಿನ ಆಸುಪಾಸು. ನಲವತ್ತು ಪೊಟ್ಟಣಗಳಿಗೆ ಒಂದು ಸಣ್ಣ ಬಟ್ಟಲು ತುಂಬಿತು. ಅದನ್ನು ಕಬ್ಬಿಣದ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಕಲ್ಲಿನಲ್ಲಿ ನುರಿದು, ಸಾರು ಮಾಡಿದಳು. ಮೇಲೆ ಎರಡು ಪೊಟ್ಟಣ ಓರೆಗಾನೋ, ಕೊತ್ತಂಬರಿ ಇಲ್ಲದ್ದಕ್ಕೆ. ಮೇಣಬತ್ತಿಯ ಬೆಳಕಿನಲ್ಲಿ ಆರು ಜನ ಉಂಡೆವು. ಎದುರುಮನೆಯ ಮಾಶಿಮಾ ಕಣ್ಣೀರು ಒರೆಸಿಕೊಳ್ಳುತ್ತ, “ಖೂಬ್ ಝಾಲ್, ಕಿಂತು ಭಾಲೋ” ಎಂದರು. ಕಣ್ಣೀರು ಖಾರಕ್ಕೋ ಒಡೆದ ಕಿಟಕಿಗೋ ನಾವು ಕೇಳಲಿಲ್ಲ. ಅವ್ವ ಮಾತ್ರ ಒಂದು ತುತ್ತು ಉಂಡು, “ಖಾರ ಐತಿ, ಬಣ್ಣ ಇಲ್ಲ. ನಮ್ಮ ಕಡೀದಲ್ಲ ಇದು” ಎಂದಳು.

ಬ್ಯಾಡಗಿ

ಅವ್ವನ ತವರುಮನೆ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹತ್ತಿರ. ಬ್ಯಾಡಗಿ ಮೆಣಸಿನಕಾಯಿ ಸುಕ್ಕುಸುಕ್ಕಾಗಿ, ಉದ್ದವಾಗಿ, ಕಡುಕೆಂಪಾಗಿರುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಅದರಿಂದ ತೆಗೆದ ಬಣ್ಣದೆಣ್ಣೆ ಹೊರದೇಶಗಳ ತಿಂಡಿಗಳಿಗೂ ಶೃಂಗಾರ ಸಾಧನಗಳಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅವ್ವ ಹುಡುಗಿಯಾಗಿದ್ದಾಗ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಕೈ ಉರಿಯುತ್ತಿತ್ತು. ನೀರಿನಲ್ಲಿ ತೊಳೆದರೆ ಉರಿ ಹೋಗದು, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಹಚ್ಚಬೇಕು. ಮನೆಯಲ್ಲಿ ಎಣ್ಣೆ ದೀಪಕ್ಕಷ್ಟೇ ಇತ್ತಂತೆ. “ದೀಪದ ಬುಡಕ್ಕ ಬೆರಳ ಒರಸ್ಕೊಂಡು ಮಲಗ್ತಿದ್ವಿ” ಎನ್ನುತ್ತಾಳೆ. ಅಂಥ ಕೈಯವಳು ಖಾರ ಒಗೆಯಲಾರಳು. ಇದು ಜಿಪುಣತನವಲ್ಲವೆಂದು ನಮಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

2024ರ ಮಾರ್ಚಿ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಒಮ್ಮೆಗೇ ಕುಸಿಯಿತೆಂದು ರೈತರು ರೊಚ್ಚಿಗೆದ್ದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿತ್ತು; ವಾಹನಗಳಿಗೆ ಬೆಂಕಿ ಹತ್ತಿತು. ಬೆಂಕಿಯಿಟ್ಟದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ವರ್ಷವಿಡೀ ಬೆಳೆಸಿದ್ದನ್ನು ಚೀಲದಲ್ಲಿ ಹೊತ್ತು ತಂದವನಿಗೆ ಹಲಗೆಯ ಮೇಲೆ ಬರೆದ ಬೆಲೆ ಓದಿದಾಗ ಏನಾಯಿತೆಂಬುದು ನಮಗೆ ಮನೆಯ ಸುದ್ದಿ. ನಮ್ಮ ತಮ್ಮನೂ ಆ ವರ್ಷ ಬೆಳೆದಿದ್ದ. ಸಿಕ್ಕ ಬೆಲೆಗೆ ಮಾರಿ ಬಂದ. ಮುಂಗಾರಿಗೆ ಮೆಣಸಿನಕಾಯಿ ಬಿಟ್ಟು ಪೂರ್ತಿ ಗೋವಿನಜೋಳ ಹಾಕಿದ. ಮರುವರ್ಷ ಊರಿನಿಂದ ಖಾರವೇನೋ ಬಂತು. ಅವ್ವ ಭರಣಿಯ ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿ, “ಇದು ಪ್ಯಾಟಿಯಿಂದ ತಂದದ್ದು” ಎಂದಳು. ಫೋನು ಮಾಡಿ ಕೇಳಿದೆವು. ಹೌದು.

ಮುಗಿಸುವ ಮುನ್ನ

ಈಗ ಖಾನೆಯ ತೀರ್ಪು. ಎಸೆದ ಪೊಟ್ಟಣ ಎಲ್ಲಿಗೂ ಹೋಗುವುದಿಲ್ಲ. ನಗರದ ಪೂರ್ವಕ್ಕಿರುವ ಧಾಪಾದ ಗುಡ್ಡ ಸೇರುತ್ತದೆ. ಅಂಟಿದ ಪದರಗಳನ್ನು ಬಿಡಿಸಲಾಗದ್ದರಿಂದ ಚಿಂದಿ ಆಯುವವನೂ ಅದನ್ನು ಮುಟ್ಟುವುದಿಲ್ಲ. 2016ರ ಕೇಂದ್ರ ನಿಯಮಗಳು ಗುಟ್ಕಾ, ತಂಬಾಕಿನ ಪ್ಲಾಸ್ಟಿಕ್ ಪೊಟ್ಟಣಗಳನ್ನು ನಿಷೇಧಿಸಿದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಹೀರುಕೊಳವೆಗಳಿಗೂ ನಿಷೇಧ ಬಂತು. ಆ ಪಟ್ಟಿಯಲ್ಲಿ ನಮ್ಮ ಖಾರದ ಪೊಟ್ಟಣ ಇರಲಿಲ್ಲ. ಆದ್ದರಿಂದ ಪಿಝಾ ತರಿಸುವಾಗಲೇ ‘ಪೊಟ್ಟಣ ಬೇಡ’ ಎಂದು ತಿಳಿಸುವುದೆಂದು ಮನೆಯವರೂ ಮಗಳೂ ನಾವೂ ಸೇರಿ ನಿರ್ಣಯಿಸಿದೆವು. ನಿರ್ಣಯವನ್ನು ಅವ್ವನಿಗೆ ಒಪ್ಪಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಾರೂ ಬ್ಯಾಡ ಬ್ಯಾಡ ಅಂದ್ರ ಬೆಳದಾಂವ ಯಾರಿಗೆ ಮಾರ್ಬೇಕು?” ಎಂದಳು.

ಇದಕ್ಕೆ ಗ್ರಂಥಾಲಯದಲ್ಲಿ ಉತ್ತರ ಸಿಗಲಿಲ್ಲ. ಪೊಟ್ಟಣದೊಳಗಿನ ತರಿ ಯಾವ ಸೀಮೆಯದೋ, ಬ್ಯಾಡಗಿಯದು ಅಲ್ಲವೆಂದು ಅವಳ ನಾಲಿಗೆಯೇ ಹೇಳಿದೆ. ಆದರೂ ಯಾರೋ ಒಬ್ಬ ಬೆಳೆದಿದ್ದಾನೆ, ಯಾರದೋ ಕೈ ಉರಿದಿದೆ. ಕ್ವಿನೈನ್ ಪೊಟ್ಟಣಕ್ಕೆ ಒಂದು ಪೈಸೆ ಬೆಲೆಯಿತ್ತು. ಅಂಕೋಲೆಯ ಪೊಟ್ಟಣಕ್ಕೆ ಜನ ತಾವೇ ಬೆಲೆ ಕಟ್ಟಿದರು. ಇದಕ್ಕೆ ಮಾತ್ರ ಬೆಲೆ ಕಾಣುವುದಿಲ್ಲ. ಬೆಲೆ ಕಾಣದ್ದರಿಂದಲೇ ಎಸೆಯಲು ನಮ್ಮ ಕೈ ಹಿಂಜರಿಯುವುದಿಲ್ಲ.

ಅವ್ವನ ಪ್ರಶ್ನೆಗೆ ನಮಗೆ ಹೊಳೆದ ಉತ್ತರ ಬಹಳ ಚಿಕ್ಕದು. ನಮ್ಮ ಸಂಘದ ಕುಟುಂಬಗಳು ವರ್ಷಕ್ಕೊಮ್ಮೆ ಒಟ್ಟಾಗಿ ಊರ ಕಡೆಯ ಬೆಳೆಗಾರರಿಂದಲೇ ಒಣಮೆಣಸಿನಕಾಯಿ ಕೊಳ್ಳಬಾರದೇಕೆ? ಮನೆಗೆ ನಾಲ್ಕು ಕಿಲೋ. ಇಪ್ಪತ್ತು ಮನೆಯಾದರೆ ಎಂಬತ್ತು ಕಿಲೋ. ಬಿತ್ತುವ ಮುನ್ನವೇ ಬೆಲೆ ಮಾತಾಡಿಕೊಂಡು, ಸುಗ್ಗಿಯ ಮೇಲೆ ತರಿಸಿಕೊಳ್ಳುವುದು. ಹೀಗೆಂದು ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. “ಎಂಬತ್ತು ಕಿಲೋಕ್ಕ ಯಾರಾರ ಹೊಲಾ ಹಾಕ್ತಾರೇನಣ್ಣಾ?” ಎಂದ. ಆಮೇಲೆ ಅವ್ವ ಫೋನು ತೆಗೆದುಕೊಂಡು ಒಳಗೆ ಹೋಗಿ ಏನೋ ಮಾತಾಡಿದಳು. ಮರುದಿನ ತಮ್ಮನೇ ಫೋನು ಮಾಡಿದ. ಮುಂದಿನ ಮುಂಗಾರಿಗೆ ಹತ್ತಿಯ ನಡುವೆ ನಾಲ್ಕು ಸಾಲು ಹಾಕುತ್ತಾನಂತೆ.

ಹೆಸರು ಬರೆಸಲಿಚ್ಛಿಸುವವರು ಸಂಘದ ಮುಂದಿನ ಸಭೆಯಲ್ಲಿ ನಮ್ಮನ್ನು ಕಾಣಬಹುದು. ಖಾನೆಯಲ್ಲಿ ಇನ್ನೂ 60 ಪೊಟ್ಟಣ ಖಾರ ಉಳಿದಿದೆ. ನಾಲ್ಕು ಸಾಲಿನ ಫಸಲು ಬರುವವರೆಗೆ ಅದನ್ನು ಮುಗಿಸಬೇಕೆಂದು ಅವ್ವನ ಅಪ್ಪಣೆಯಾಗಿದೆ.